ಮಿಂಚುಳ್ಳಿ ಸೈಕಲ್ಲಿನ ಹಸಿರು ಬಣ್ಣ

"ಈ ಸೈಕಲ್ ಕದ್ದೋರು ಯಾರು ಅಂತ ನಂಗೆ ಗೊತ್ತಾಗ್ಬೇಕು."

ಇಮ್ಕೆಯ ಕೈಯಲ್ಲಿದ್ದ ಸ್ಪ್ಯಾನರು ಜಾರಿ ನೆಲಕ್ಕೆ ಬಿತ್ತು.

ಬಂದವನು ಟ್ರಾಮ್ ಚಾಲಕ. ನೀಲಿ ಸಮವಸ್ತ್ರದ ಭುಜ ಮಳೆಗೆ ತೊಯ್ದಿತ್ತು. ಅವಳ ಸೈಕಲ್ ಅಂಗಡಿಯ ಗಲ್ಲಾದ ಮೇಲೆ ಒಂದು ಹಳೆಯ ಕಪ್ಪು ಬಿಳುಪು ಫೋಟೋ ಇಟ್ಟು, ಅದು ಸುರುಳಿ ಸುತ್ತಿಕೊಳ್ಳದಿರಲೆಂದು ತನ್ನ ಬೀಗದ ಕೈ ಗೊಂಚಲನ್ನು ಅದರ ಮೇಲಿಟ್ಟ.

"ಬೀಲೆಫೆಲ್ಡಲ್ಲಿ ಹಳೇ ಸೈಕಲ್ ವಿಷಯ ಅಂದ್ರೆ ಇಮ್ಕೆ ಉಪ್‌ಮೈಯರನ್ನೇ ಕೇಳಿ ಅಂದ್ರು. ನೀವೇ ಅಲ್ವಾ?"

"ಹೌದು... ನಾನೇ."

ಫೋಟೋದಲ್ಲಿ ಹಲ್ಲು ಬಿದ್ದ ಪುಟ್ಟ ಹುಡುಗನೊಬ್ಬ ಸೈಕಲ್ ಮೇಲೆ ಕೂತು ನಗುತ್ತಿದ್ದ. ಬಾಳೆಹಣ್ಣಿನಂಥ ಉದ್ದನೆಯ ಸೀಟು. ಎಮ್ಮೆ ಕೊಂಬಿನಂತೆ ಮೇಲಕ್ಕೆದ್ದ ಹ್ಯಾಂಡಲ್. ನಡುವಿನ ಕೊಳವೆಯ ಮೇಲೆ ಕಾರಿನಲ್ಲಿರುವಂಥ ಗೇರಿನ ಕೋಲು. ಸೀಟಿನ ಹಿಂದೆ ಎತ್ತರದ ಕಂಬಿ, ಅದರ ತುದಿಗೆ ನರಿಬಾಲ. ಎಪ್ಪತ್ತರ ದಶಕದಲ್ಲಿ ಜರ್ಮನಿಯ ಮಕ್ಕಳೆಲ್ಲ ಇಂಥದ್ದೊಂದಕ್ಕೆ ಅಪ್ಪಂದಿರ ಪ್ರಾಣ ತಿಂದಿದ್ದರು.

ಆದರೆ ಇಮ್ಕೆಯ ಕಣ್ಣು ಫೋಟೋದಿಂದ ಜಾರಿ ಬೀಗದ ಕೈ ಗೊಂಚಲಿನ ಮೇಲೆ ನಿಂತುಬಿಟ್ಟಿತು.

ಅದರಲ್ಲಿ ತೂಗುತ್ತಿದ್ದುದು ಒಂದು ಸೈಕಲ್ಲಿನ ಲಾಂಛನ. ಮೀನು ಕಚ್ಚಿಕೊಂಡ ಮಿಂಚುಳ್ಳಿ, ಕೆಳಗೆ ಸವೆದ ಅಕ್ಷರಗಳಲ್ಲಿ 'ಐಸ್‌ಫೋಗೆಲ್', ಅಂದರೆ ಅದೇ ಹಕ್ಕಿಯ ಹೆಸರು. ಮೇಲೊಂದು ತೂತು, ಕೆಳಗೊಂದು ತೂತು.



ವಸಂತದಿಂದ ಇಮ್ಕೆ ಹುಡುಕುತ್ತಿದ್ದುದು ಈ ಹೆಸರನ್ನೇ! ಅವಳು ದುರಸ್ತಿ ಮಾಡುತ್ತಿದ್ದ ಇಂಥದ್ದೇ ಒಂದು ಸೈಕಲ್ಲಿನ ಕತ್ತಿನಲ್ಲಿ ಲಾಂಛನ ಇರಲಿಲ್ಲ, ಎರಡು ತೂತುಗಳಷ್ಟೇ ಇದ್ದವು. ಮುಂದಿನ ಫೋರ್ಕಿನಲ್ಲಿ ಸ್ಪ್ರಿಂಗು, ಹಿಂದಿನ ಚಕ್ರದ ನಡುವಿನ ಹಬ್ಬು ಜರ್ಮನಿಯದು, ಕೊಳವೆಗಳ ಬೆಸುಗೆ ಎಲ್ಲಿಯದೋ. ಸಂಗ್ರಹಕಾರರಿಗೆಲ್ಲ ಫೋನು ಮಾಡಿದ್ದಳು. ಒಬ್ಬ ಇಟಲಿ ಎಂದ, ಇನ್ನೊಬ್ಬ ಹಾಲೆಂಡ್ ಎಂದ, ಮತ್ತೊಬ್ಬ ನಕ್ಕು ಫೋನಿಟ್ಟ. "ಅಪ್ಪ ಅಮ್ಮ ಗೊತ್ತಿಲ್ದಿರೋ ಕೂಸು" ಎಂದು ಸೋದರತ್ತೆ ಹಿಲ್ಟ್ರುಡ್ ಅದಕ್ಕೆ ಹೆಸರನ್ನೇ ಇಟ್ಟಿದ್ದಳು.

ಈಗ ಆ ಕೂಸಿನ ಕುಲಗೋತ್ರ ಗಲ್ಲಾದ ಮೇಲೆ ಬಿದ್ದಿತ್ತು. ಕೂಸು ಮಾತ್ರ ಹಿಂದಿನ ಪರದೆಯಾಚೆ ನಿಂತಿತ್ತು.

*ದೇವರೇ... ಇವನು ಹುಡುಕ್ತಿರೋ ಕಳ್ಳಿ ನಾನೇ.*

"ಅಮ್ಮ ಹೊಸ ಸ್ನೇಹಿತನ ಜೊತೆ ಮ್ಯೂನ್‌ಸ್ಟರಿಗೆ ಹೊರಟಿದ್ರು, ಮನೆ ಮಾರಾಟ ಆಗಿತ್ತು," ಅವನು ಹೇಳತೊಡಗಿದ. "ನೆಲಮಾಳಿಗೆ ಖಾಲಿ ಮಾಡ್ತಿದ್ದೆ. ಹಳೇ ಸಾಮಾನೆಲ್ಲ ಬೀದಿಗೆ ಹಾಕಿದ್ದೆ. ಸೈಕಲ್ ಮಾತ್ರ ಬೇರೆ ಇಟ್ಟಿದ್ದೆ, ಮರಕ್ಕೆ ಒರಗಿಸಿ. ಗಾಳಿ ಹೊಡೆಯೋಣ ಅಂತ ಪಂಪ್ ತರೋಕೆ ಒಳಗೆ ಹೋದೆ. ಬರೋಷ್ಟರಲ್ಲಿ ಮಾಯ."

"ಮರ... ರಾಶಿ ಪಕ್ಕದಲ್ಲೇ ಇತ್ತಾ?"

"ರಾಶಿ ಪಕ್ಕ ಅಂದ್ರೆ ರಾಶಿ ಅಲ್ವಲ್ಲ."

ಅವನ ಮಾತು ಸರಿ, ಇಮ್ಕೆಯ ನ್ಯಾಯವೂ ಸರಿ. ಹಳೆಯ ಸಾಮಾನನ್ನು ಗೊತ್ತಾದ ದಿನ ಬೀದಿ ಬದಿಗೆ ಹಾಕುವುದು, ನಗರಸಭೆಯ ಲಾರಿ ಬರುವ ಮುನ್ನ ಬೇಕಾದವರು ಬಂದು ಎತ್ತಿಕೊಳ್ಳುವುದು ಅಲ್ಲಿಯ ರೂಢಿ. ಬೀದಿಗೆ ಬಂದದ್ದು ಎತ್ತಿದವರ ಪಾಲು. ಇದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ಇಮ್ಕೆಯ ಅಂಗಡಿಯ ಅರ್ಧ ಸಾಮಾನು ಹಾಗೆ ಬಂದದ್ದೇ. ಅಂದು ಹಿಂದಿನಿಂದ ಇನ್ನೊಬ್ಬ ಗುಜರಿಯವನ ವ್ಯಾನು ಬರುತ್ತಿದ್ದುದು ಕಂಡು ಅವಳು ಮರ, ರಾಶಿ ಎಂದು ನೋಡದೆ ಎತ್ತಿಹಾಕಿಕೊಂಡು ಬಂದಿದ್ದಳು.

ತಪ್ಪಾಯಿತು, ತೆಗೆದುಕೊಳ್ಳಿ ಎಂದರೆ ಮುಗಿಯಿತು. ಇಮ್ಕೆ ಬಾಯಿ ತೆರೆದಳು.

ಅಷ್ಟರಲ್ಲಿ ಅವನೆಂದ, "ಈ ಫೋಟೋದಲ್ಲಿ ಬಣ್ಣ ಕಾಣಲ್ಲ. ಸೈಕಲ್ ಹಸಿರು. ಕಂಪನಿ ಬಣ್ಣ ಅಲ್ಲ, ತೋಟದ ಗೇಟಿಗೆ ತಂದಿದ್ದ ಬಣ್ಣ. ಇವನೇ ಬಳಿದಿದ್ದು, ನನ್ನ ತಮ್ಮ ತಿಲ್‌ಮಾನ್. ಬ್ರಷ್ಷಲ್ಲಿ, ಸೋರ್ಸಿಕೊಂಡು, ಕೆಟ್ಟದಾಗಿ. ಆಗ ಕಳಚಿಟ್ಟ ಲಾಂಛನ ಈ ಗೊಂಚಲಲ್ಲಿದೆ. ಅದೇ ಚಳಿಗಾಲ ಜ್ವರ ಬಂತು... ಉಳೀಲಿಲ್ಲ. ಅವನ ಕೈಕೆಲಸ ಅಂತ ಉಳಿದಿರೋದು ಆ ಬಣ್ಣ ಒಂದೇ. ನಂಗೆ ಸೈಕಲ್ಲಿಗಿಂತ ಅದು ಬೇಕು."

ಇಮ್ಕೆಯ ತೆರೆದ ಬಾಯಿ ತೆರೆದೇ ಉಳಿಯಿತು.

ಆ ಹಸಿರನ್ನು ಅವಳು ವಾರಗಟ್ಟಲೆ ಕೂತು ಕೆರೆದಿದ್ದಳು. ಬಣ್ಣ ಕರಗಿಸುವ ಮದ್ದು ಬಳಿದು, ಉಬ್ಬಿಸಿ, ಉಕ್ಕಿನ ನಾರಿನಿಂದ ತಿಕ್ಕಿ, 'ಯಾವ ಅಡ್ಡಕಸುಬಿ ಬಳಿದನೋ' ಎಂದು ಬೈಯುತ್ತಾ. ಒಳಗಿನಿಂದ ಕಾರ್ಖಾನೆಯ ತಿಳಿ ನೇರಳೆ ಹೊಳೆದಾಗ ಕುಣಿದಾಡಿದ್ದಳು.

"ಎಲ್ಲಾದ್ರೂ ನೋಡಿದೀರಾ?" ಅವನು ಕೇಳಿದ.

"ಇಲ್ಲ."

ಆ ಸುಳ್ಳು ಅವಳನ್ನು ಕೇಳದೇ ಹೊರಬಿದ್ದಿತ್ತು.

ಅವನು ತಲೆಯಾಡಿಸಿ, ಹೆಸರು ಹೆನ್ನಿಂಗ್ ಎಂದು ಹೇಳಿ, ಸುಳಿವು ಸಿಕ್ಕರೆ ತಿಳಿಸಿ ಎಂದು ಬೇಡಿ ಹೊರಟುಹೋದ.

ಹಿಂದಿನ ಕೋಣೆಯಿಂದ ಹಿಲ್ಟ್ರುಡ್ ಅತ್ತೆ ಬಂದಳು. ತಮ್ಮನ ಮಗಳ ಅಂಗಡಿಯ ಗಲ್ಲಾ, ಕಾಫಿ, ಬೆಕ್ಕು ಮೂರೂ ಅವಳ ಉಸ್ತುವಾರಿ. ಬಾಯಲ್ಲಿ ಪ್ಲಮ್ ಕೇಕು, ಕಣ್ಣಲ್ಲಿ ಕಿಡಿಗೇಡಿತನ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಿದೆ ನಿನ್ ಮುಖ. ಏನೇ ಅದು?"

"ಅತ್ತೆ, ಆ ಸೈಕಲ್ ಅವ್ರದ್ದು. ನಾನು ಕೆರೆದ ಹಸಿರು, ಸತ್ತುಹೋದ ಅವ್ರ ತಮ್ಮ ಬಳಿದಿದ್ದಂತೆ."

ಅತ್ತೆ ಕೇಕು ನುಂಗುವುದನ್ನೇ ಮರೆತಳು.

"ನಾಳೆ ಹೇಳ್ಬಿಡು," ಎಂದಳು. "ಸುಳ್ಳು ಹಸೀ ಇದ್ದಾಗಲೇ ಕಿತ್ತು ಬಿಸಾಕ್ಬೇಕು. ಬೇರು ಬಿಟ್ರೆ ಕಷ್ಟ."

ಮರುದಿನ ಹೇಳಬೇಕೆಂದು ಇಮ್ಕೆ ನಿಜಕ್ಕೂ ತೀರ್ಮಾನಿಸಿದ್ದಳು. ಆದರೆ ಮರುದಿನ ಹೆನ್ನಿಂಗ್ ಬಂದದ್ದು ಬಿಸಿ ಬಿಸಿ ಪಿಕರ್ಟ್ ಹಿಡಿದುಕೊಂಡು. ಆಲೂಗಡ್ಡೆಯ ಆ ದಪ್ಪ ದೋಸೆಯ ಮೇಲೆ ಬೀಟಿನ ಪಾಕ ಸುರಿದಿತ್ತು.

"ನಿನ್ನೆ ಜೋರಾಗಿ ಮಾತಾಡ್ಬಿಟ್ಟೆ. ನೀವು ಹೆದರಿಕೊಂಡ ಹಾಗಿತ್ತು. ಕ್ಷಮಿಸಿ."

ಕ್ಷಮೆ ಕೇಳಬೇಕಾದವಳು ಅವಳು, ಕೇಳುತ್ತಿರುವವನು ಅವನು. ಇಮ್ಕೆ ತಲೆ ತಗ್ಗಿಸಿ ತಿಂದಳು. ಪಿಕರ್ಟ್ ಮಾತ್ರ ರುಚಿಯಾಗಿತ್ತು, ಅದು ಬೇರೆ ವಿಷಯ.

"ಭಾನುವಾರದ ಹಳೇ ಸಾಮಾನಿನ ಸಂತೆಗೆ ನಂಜೊತೆ ಬರ್ತೀರಾ? ನಂಗೆ ಸೈಕಲ್ ಗುರುತು ಹಿಡಿಯೋಕೆ ಬರಲ್ಲ. ಕಳ್ಳ ಅದಕ್ಕೆ ಬೇರೆ ಬಣ್ಣ ಹೊಡೆದಿದ್ರೆ?"

"ಬ... ಬರ್ತೀನಿ."

ಪರದೆಯ ಹಿಂದೆ ಅತ್ತೆ ಹಣೆ ಚಚ್ಚಿಕೊಂಡದ್ದು ಇಮ್ಕೆಗೆ ಕೇಳಿಸಿತು. "ಪಾಪ, ಕಳ್ಳೀನ ಕರ್ಕೊಂಡೇ ಕಳ್ಳನ್ನ ಹುಡುಕೋಕೆ ಹೊರಟಿದಾನೆ," ಎಂದು ಅವಳು ಬೆಕ್ಕಿಗೆ ಹೇಳಿದಳು. ಬೆಕ್ಕು ಹಿಂಬಾಗಿಲ ಪಕ್ಕದ ತನ್ನ ಕಿಂಡಿಯಿಂದ ನುಸುಳಿ ಹೊರಗೆ ಹೋಯಿತು.

ಹೀಗೆ ಶುರುವಾಯಿತು ನೋಡಿ.

ಭಾನುವಾರಗಳು ಬಂದವು, ಹೋದವು. ಸಂತೆಯಿಂದ ಸಂತೆಗೆ ಅಲೆದರು. ಸ್ಪ್ರಿಂಗಿರುವ ಫೋರ್ಕು ಯಾವುದು, ಬರೀ ತೋರಿಕೆಯ ಸ್ಪ್ರಿಂಗು ಯಾವುದು, ತುಕ್ಕಿನ ಕೆಳಗೆ ಕ್ರೋಮ್ ಬದುಕಿದೆಯೋ ಸತ್ತಿದೆಯೋ, ಎಲ್ಲವನ್ನೂ ಇಮ್ಕೆ ಅವನಿಗೆ ಕಲಿಸಿದಳು. ಹೆನ್ನಿಂಗ್ ಹಸಿರು ಬಣ್ಣದ ಯಾವ ಕಬ್ಬಿಣ ಕಂಡರೂ ಓಡುತ್ತಿದ್ದ. ಒಮ್ಮೆ ತೋಟಕ್ಕೆ ನೀರು ಹಾಕುವ ಡಬ್ಬದವರೆಗೂ ಓಡಿ ಪೆಚ್ಚು ಮೋರೆ ಹಾಕಿಕೊಂಡು ಬಂದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕ ಮರುಕ್ಷಣ ಅಳು ಬಂತು.

*ಎಲ್ಲೂ ಸಿಗಲ್ಲ ಹೆನ್ನಿಂಗ್... ಆ ಬಣ್ಣ ನನ್ನ ಅಂಗಡಿಯ ಕಸದ ಡಬ್ಬಕ್ಕೆ ಹೋಯಿತು.*

ಒಂದು ಸಂತೆಯಲ್ಲಿ ಅವನು ನರಿಬಾಲವೊಂದನ್ನು ಕೊಂಡ.

"ಸೈಕಲ್ ಇಲ್ದೆ ಬಾಲ ಯಾಕೆ?" ಎಂದಳು.

"ಸಿಗತ್ತೆ. ಅಲ್ಲೀವರೆಗೂ ನಿಮ್ಮತ್ರ ಇರ್ಲಿ."

ಅವಳ ಅಂಗಡಿ ಒಂದನೇ ಮಾರ್ಗದ ಟ್ರಾಮ್ ಹಾದುಹೋಗುವ ಬೀದಿಯಲ್ಲೇ ಇತ್ತು. ಅವನ ಟ್ರಾಮ್ ಬಂದಾಗಲೆಲ್ಲ ಗಂಟೆ ಎರಡು ಸಲ ಬಾರಿಸುತ್ತಿತ್ತು. ಇಮ್ಕೆ ಕೈಯ ಕೆಲಸ ಬಿಟ್ಟು ಬಾಗಿಲಿಗೆ ಓಡುತ್ತಿದ್ದಳು. ಪ್ರಯಾಣಿಕರೆಲ್ಲ ನೋಡುವಂತೆ ಅವನು ಟೋಪಿ ಎತ್ತುತ್ತಿದ್ದ.

"ಬೇರು ಬಿಟ್ಟಾಯ್ತು," ಅತ್ತೆ ನಿಟ್ಟುಸಿರಿಟ್ಟಳು. "ಸುಳ್ಳೊಂದೇ ಅಲ್ಲ, ಇನ್ನೊಂದೂ."

ಶರತ್ಕಾಲದ ಒಂದು ಭಾನುವಾರ, ಬರಿಗೈಯಲ್ಲಿ ಮರಳುವಾಗ, ಅಂಗಡಿಯ ಮುಂದೆ ಹೆನ್ನಿಂಗ್ ನಿಂತ.

"ಇಮ್ಕೆ, ನಾನು ಹುಡುಕೋದು ನಿಲ್ಲಿಸ್ತೀನಿ ಅನ್ಕೊಂಡಿದೀನಿ. ಸೈಕಲ್ ಸಿಗದಿದ್ರೂ..." ಅವನ ಕಿವಿ ಕೆಂಪಾಯಿತು. "ನೀವು ಸಿಕ್ಕಿದ್ರಿ. ನಂಗೆ ಸಾಕು ಅನ್ಸತ್ತೆ."

ಬೇರೆ ಯಾವ ಹೆಣ್ಣಾದರೂ ಆ ಗಳಿಗೆಯಲ್ಲಿ ಸಂತೋಷದಿಂದ ಹಿಗ್ಗುತ್ತಿದ್ದಳು. ಇಮ್ಕೆಯ ಮುಖ ಸುಣ್ಣದಂತೆ ಬಿಳಿಚಿತು.

ಇನ್ನು ಸುಮ್ಮನಿದ್ದರೆ ಅದು ಕಳ್ಳತನವೇ ಆಗುತ್ತದೆ ಎಂದು ಅವಳಿಗನ್ನಿಸಿತು. ಸೈಕಲ್ಲನ್ನು ಅರಿಯದೆ ತಂದಿದ್ದಳು. ಈ ಮನಸ್ಸನ್ನು ಅರಿತೂ ಅರಿತೂ ಹೇಗೆ ತೆಗೆದುಕೊಳ್ಳುವುದು?

"ಒಳಗೆ ಬನ್ನಿ," ಎಂದಳು. ಪರದೆ ಸರಿಸಿದಳು.

ತಿಳಿ ನೇರಳೆ ಸೈಕಲ್ ಕಿಟಕಿಯ ಬೆಳಕಿನಲ್ಲಿ ಥಳಥಳಿಸಿತು. ಹೊಸ ಸೀಟು, ಹೊಸ ಮಡ್‌ಗಾರ್ಡು, ಹೊಳೆಯುವ ಕಡ್ಡಿಗಳು.

ಹೆನ್ನಿಂಗ್ ಎರಡು ಹೆಜ್ಜೆ ಮುಂದೆ ಬಂದ.

"ಅದೇ ಮಾದರಿ! ಇನ್ನೊಂದು ಇತ್ತಾ? ನಂಗೋಸ್ಕರ... ನಂಗೆ ಗೊತ್ತಿಲ್ದ ಹಾಗೆ ಹುಡುಕಿದ್ರಾ?"

ಅವನ ಕಣ್ಣಲ್ಲಿ ನೀರು ತುಂಬಿತ್ತು. ಜೇಬಿನಿಂದ ಬೀಗದ ಕೈ ಗೊಂಚಲು ತೆಗೆದು ಲಾಂಛನವನ್ನು ಸೈಕಲ್ಲಿನ ಕತ್ತಿಗೆ ಹಿಡಿದ. ತೂತಿಗೆ ತೂತು ಸರಿಯಾಗಿ ಕೂತಿತು. ಮಗುವಿನಂತೆ ನಕ್ಕ.

ಆ ನಗುವನ್ನು ಇಮ್ಕೆಗೆ ನೋಡಲಾಗಲಿಲ್ಲ.

"ಇನ್ನೊಂದಲ್ಲ ಹೆನ್ನಿಂಗ್. ಅದೇ."

"ಯಾವ ಅದೇ?"

"ನಿಮ್ಮನೆ ಮುಂದಿನ ಮರದ ಹತ್ರ ಇದ್ದದ್ದು. ಎತ್ಕೊಂಡು ಬಂದಿದ್ದು ನಾನು. ರಾಶೀದೇ ಅನ್ಕೊಂಡೆ."

ಅವನ ನಗು ಮುಖದ ಮೇಲೆಯೇ ನಿಂತಿತ್ತು, ಅರ್ಥವಾಗದೆ.

"ಹಸಿರು?"

"ಕೆರೆದೆ."

"ಎಲ್ಲಾನೂ?"

"ಎಲ್ಲಾನೂ."

ಹೆನ್ನಿಂಗ್ ಸೈಕಲ್ಲಿನಿಂದ ಕೈ ತೆಗೆದ. ಬೆಂಕಿ ಮುಟ್ಟಿದವನಂತೆ.

"ಮೊದಲ್ನೇ ದಿನ ಕೇಳ್ದೆ ನಾನು. ನೋಡಿದೀರಾ ಅಂತ." ಅವನ ದನಿ ಏರಲಿಲ್ಲ. ಏರಿದ್ದರೆ ಇಮ್ಕೆ ತಡೆದುಕೊಳ್ಳುತ್ತಿದ್ದಳೇನೋ. "ಎಷ್ಟು ಭಾನುವಾರ... ಒಂದೊಂದು ಸಂತೇಲೂ ನಂಜೊತೆ ನಿಂತ್ಕೊಂಡು..."

"ಹೇಳ್ಬೇಕು ಅಂತ ಎಷ್ಟೋ ಸಲ..."

"ನಂಗೆ ಕೋಪ ಬಂದಿದ್ರೆ ಒಳ್ಳೇದಿತ್ತು," ಎಂದ ಅವನು. "ಏನೂ ಬರ್ತಿಲ್ಲ."

ಬಾಗಿಲ ಗಂಟೆ ಕಿಣಿಕಿಣಿ ಎಂದಿತು. ಅವನು ಹೋಗಿಯಾಗಿತ್ತು.

ಮರುದಿನ ಟ್ರಾಮ್ ಬಂತು. ಇಮ್ಕೆ ಬಾಗಿಲಲ್ಲಿ ನಿಂತಿದ್ದಳು. ಗಂಟೆ ಬಾರಿಸಲಿಲ್ಲ. ಅವನು ಹಳಿಯನ್ನೇ ನೋಡುತ್ತಾ ಹಾದುಹೋದ.

ಅದರ ಮರುದಿನವೂ ಹಾಗೆಯೇ. ಅದರಾಚೆಯ ವಾರವೂ.

ಅವಳು ಊಟ ಬಿಟ್ಟಳು. ಗಿರಾಕಿಯೊಬ್ಬರ ಚೈನನ್ನು ತಿರುಗುಮುರುಗಾಗಿ ಹಾಕಿ ಬೈಸಿಕೊಂಡಳು. ಅತ್ತೆ ಮೊದಲು ಗದರಿದಳು, ಆಮೇಲೆ ಸೂಪು ಮಾಡಿಕೊಟ್ಟಳು, ಕೊನೆಗೆ ಪಕ್ಕದಲ್ಲಿ ಬಂದು ಕೂತಳು.

"ಕೆರೆದ ಬಣ್ಣಾನ ವಾಪಸ್ ಬಳಿಯೋಕಾಗಲ್ಲ ಅತ್ತೆ. ಹಸಿರು ಡಬ್ಬ ತಂದು ನಾನು ಬಳಿದ್ರೆ ಅದು ನನ್ನ ಬಣ್ಣ ಆಗತ್ತೆ. ಆ ಮಗೂದಲ್ಲ."

ಅತ್ತೆ ಸೂಪಿನ ಬಟ್ಟಲನ್ನು ಇನ್ನಷ್ಟು ಹತ್ತಿರ ಸರಿಸಿದಳು. 

ಒಂದು ಮಧ್ಯಾಹ್ನ ಜಿನುಗು ಮಳೆ. ಇಮ್ಕೆ ಅಂಗಡಿಯ ಹಿಂಬಾಗಿಲ ಮೆಟ್ಟಿಲ ಮೇಲೆ ಮಂಡಿ ತಬ್ಬಿ ಕೂತಿದ್ದಳು. ಬೆಕ್ಕು ತನ್ನ ಕಿಂಡಿಯಿಂದ ಹೊರಗೆ ಬಂದು, ಮಳೆ ನೋಡಿ ಮುಖ ಸಿಂಡರಿಸಿ, ಕಿಂಡಿಯ ಮೇಲಿನ ಪುಟ್ಟ ಕಮಾನಿನ ಕೆಳಗೆ ಮುದುಡಿ ಕೂತಿತು.

ಇಮ್ಕೆ ಸುಮ್ಮನೆ ಅದರ ತಲೆ ಸವರಲು ಬಾಗಿದಳು. ಕಮಾನಿನ ಮೇಲೆ ಬಳ್ಳಿಯ ಎಲೆಗಳು ಬಿದ್ದಿದ್ದವು. ಎಲೆಗಳ ಸಂದಿಯಲ್ಲಿ ಹಸಿರು. ಪಾಚಿ ಅಂದುಕೊಂಡಳು.

ಪಾಚಿ ಇಷ್ಟು ಹೊಳೆಯುತ್ತದೆಯೇ?

ಎಲೆಗಳನ್ನು ಸರಿಸಿದಳು. 

 ಕೂಗಿದಳು, "ಅತ್ತೆ! ಬೆಕ್ಕಿನ ಕಿಂಡಿ ಮೇಲೆ ಏನು ಹೊಡೆದಿದೀಯ?"

ಅತ್ತೆ ಸೌಟು ಹಿಡಿದೇ ಓಡಿಬಂದಳು. "ನೀನು ತುಕ್ಕು ಹಿಡಿದಿದೆ ಅಂತ ವಸಂತದಲ್ಲಿ ಬಿಸಾಕಿದ್ಯಲ್ಲ, ಆ ತಗಡು. ಬಾಗಿದ್ದು ಚೆನ್ನಾಗಿತ್ತು, ಬೆಕ್ಕಿಗೆ ಮಳೆ ಬೀಳ್ದೇ ಇರ್ಲಿ ಅಂತ ಮೊಳೆ ಹೊಡೆದೆ. ಯಾಕೇ?"

ಅದು ಮುಂದಿನ ಮಡ್‌ಗಾರ್ಡು.

ಹೊಸದು ಹಾಕುವುದೆಂದು ಮೊದಲ ವಾರವೇ ಕಳಚಿ ಎಸೆದದ್ದು. ಮದ್ದು ಕಾಣದ್ದು, ಉಕ್ಕಿನ ನಾರು ಕಾಣದ್ದು. ಅವಳು ದಿನವೂ ದಾಟಿ ಓಡಾಡಿದ್ದ ಜಾಗದಲ್ಲೇ ಮಳೆ ಬಿಸಿಲು ತಿಂದುಕೊಂಡು ಕೂತಿತ್ತು.

ಮೊಳೆ ಕಿತ್ತು, ಅಂಗಿಯ ತೋಳಿನಿಂದ ಒರೆಸಿದಳು. ದಪ್ಪ ಹಸಿರು, ಸೋರಿದ ಗೆರೆಗಳು, ಅಂಟಿಕೊಂಡ ಬ್ರಷ್ಷಿನ ಒಂದು ಕೂದಲು. ಮತ್ತೆ ತುದಿಯಲ್ಲಿ, ಬಣ್ಣದೊಳಕ್ಕೆ ಒತ್ತಿದ ಒಂದು ಗುರುತು.

ಪುಟ್ಟ ಹೆಬ್ಬೆರಳು. ಒಣಗಿದೆಯಾ ಎಂದು ಮುಟ್ಟಿ ನೋಡಿದ ಹೆಬ್ಬೆರಳು. ಗೆರೆಗಳು ಕೂಡ ಮಾಸಿರಲಿಲ್ಲ.

ಇಮ್ಕೆ ಅದನ್ನು ಮಡಿಲಲ್ಲಿಟ್ಟುಕೊಂಡು ಒದ್ದೆ ಮೆಟ್ಟಿಲ ಮೇಲೆ ಕೂತಳು. ಅತ್ತೆ ಸೌಟನ್ನು ಎದೆಗೆ ಒತ್ತಿ ಹಿಡಿದಿದ್ದಳು. 

"ಏನ್ ಕೂತಿದೀಯ," ಅತ್ತೆಯೇ ಮೊದಲು ಚೇತರಿಸಿಕೊಂಡಳು. "ಹೊರಡು. ಬೆಕ್ಕಿಗೆ ನಾನು ಬೇರೆ ಛಾವಣಿ ಮಾಡ್ತೀನಿ."

ಇಮ್ಕೆ ಸೈಕಲ್ಲಿನ ಮುಂದಿನ ಹೊಸ ಮಡ್‌ಗಾರ್ಡನ್ನು ಬಿಚ್ಚಿ ಎಸೆದಳು. ಹಸಿರಿನದನ್ನು ಅಂಗಿಯೊಳಗೆ ಎದೆಗವಚಿಕೊಂಡಳು. ಹಿಂದಿನ ಕಂಬಿಗೆ ನರಿಬಾಲ ಕಟ್ಟಿ, ನೇರಳೆ ಸೈಕಲ್ಲೇರಿ ಮಳೆಯಲ್ಲಿ ಹೊರಟಳು. ಒಂದನೇ ಮಾರ್ಗದ ಕೊನೆಯ ನಿಲ್ದಾಣ ಸೆನ್ನೆ. ಅಲ್ಲಿ ಚಾಲಕರಿಗೆ ತುಸು ಬಿಡುವು ಇರುತ್ತದೆ.

ಮುಂದೆ ಮಡ್‌ಗಾರ್ಡಿಲ್ಲದ ಸೈಕಲ್ಲು ಮಳೆಯಲ್ಲಿ ಏನು ಮಾಡುತ್ತದೆಂದು ಸೈಕಲ್ ಅಂಗಡಿಯವಳಿಗೆ ಹೇಳಿಕೊಡಬೇಕೆ? ಗಲ್ಲ, ಹಣೆ, ಮೂಗು, ಎಲ್ಲೆಡೆ ಕೆಸರು. ದಾರಿಹೋಕರು ನಿಂತು ನೋಡಿದರು. ಅವಳು ನೋಡಲಿಲ್ಲ.

ಸೆನ್ನೆಯಲ್ಲಿ ಖಾಲಿ ಟ್ರಾಮ್ ನಿಂತಿತ್ತು. ಹೆನ್ನಿಂಗ್ ತಂಗುದಾಣದ ಕೆಳಗೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದ. ಕೆಸರು ಮೆತ್ತಿದ ಹೆಣ್ಣೊಬ್ಬಳು, ನರಿಬಾಲದ ಸೈಕಲ್ಲಿನಲ್ಲಿ, ತನ್ನತ್ತ ಬರುತ್ತಿರುವುದನ್ನು ಕಂಡು ಅವನ ಕಾಫಿ ಬೂಟಿನ ಮೇಲೆ ಸುರಿಯಿತು.

"ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲ," ಏದುಸಿರಿನಲ್ಲೇ ಅವಳೆಂದಳು. "ಇದನ್ನ ಕೊಡೋಕೆ ಬಂದೆ."

ಅಂಗಿಯೊಳಗಿನಿಂದ ತೆಗೆದು ಅವನ ಕೈಗಿಟ್ಟಳು.

ಹೆನ್ನಿಂಗ್ ನೋಡಿದ. ಸೋರಿದ ಗೆರೆಗಳ ಮೇಲೆ ಬೆರಳಾಡಿಸುತ್ತಾ ಹೋದ. ಹೆಬ್ಬೆರಳ ಗುರುತು ಸಿಕ್ಕಾಗ, ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟ. ಗುರುತು ಅವನ ಬೆರಳಿನಡಿ ಪೂರ್ತಿ ಮುಚ್ಚಿಹೋಯಿತು, ಅಷ್ಟು ಚಿಕ್ಕದು.

"ಮುಟ್ಬೇಡ ಅಂದಿದ್ದೆ," ಎಂದ. "ಒಣಗೋವರೆಗೂ ಮುಟ್ಬೇಡ ಅಂತ ಹೇಳಿ ಹೇಳಿ ಸಾಕಾಗಿತ್ತು. ಕೇಳಲೇ ಇಲ್ಲ ಅವನು."

ಆಮೇಲೆ ಅವನು ಅತ್ತ. ಸಮವಸ್ತ್ರ ತೊಟ್ಟ ಗಂಡಸು, ನಡುಹಗಲಲ್ಲಿ, ನಿಲ್ದಾಣದಲ್ಲಿ. ಇಮ್ಕೆ ಅವನನ್ನು ಮುಟ್ಟಲಿಲ್ಲ, ದೂರವೂ ಹೋಗಲಿಲ್ಲ.

"ಹೆದರಿಕೊಂಡೆ ನಾನು," ಎಂದಳು. "ಮೊದಲ ದಿನ ನಿಮ್ಮ ಕೋಪಕ್ಕೆ. ಆಮೇಲೆ ನೀವು ಬರೋದು ನಿಲ್ಲಿಸಿಬಿಡ್ತೀರ ಅಂತ. ಅಷ್ಟೇ ನಿಜ. ಇನ್ನು ಸೈಕಲ್ ನಿಮ್ಮದು. ಉಳಿದದ್ದಕ್ಕೆ ಹಸಿರು ಬಳೀರಿ, ಹೀಗೇ ಬಿಡಿ, ನಿಮ್ಮಿಷ್ಟ. ನಾನು ನಡ್ಕೊಂಡು ಹೋಗ್ತೀನಿ."

ಅವಳು ತಿರುಗಿದಳು.

"ಸ್ಪ್ಯಾನರ್ ಇದೆಯಾ?"

ಇಮ್ಕೆ ನಿಂತಳು. ಅವನು ಸೈಕಲ್ಲಿನ ಮುಂದೆ ಮಂಡಿಯೂರಿದ್ದ.

"ತಿಲ್‌ಮಾನಿಗೆ ಕೊಡೋ ಮುಂಚೆ ಇದು ನಂದಾಗಿತ್ತು. ಆಗ ಇದೇ ನೇರಳೆ ಇತ್ತು. ಮರೆತೇಬಿಟ್ಟಿದ್ದೆ." ಅವನು ಕೊಳವೆಯನ್ನು ನಿಧಾನವಾಗಿ ಸವರಿದ. "ನೇರಳೆ ನಂದು, ಹಸಿರು ಅವನದು. ಎರಡೂ ಇರ್ಲಿ."

ಅವಳ ಜೇಬಿನಲ್ಲಿ ಸ್ಪ್ಯಾನರಿಲ್ಲದ ದಿನ ಯಾವುದಿತ್ತು? ಅವಳು ಹಿಡಿದಳು, ಅವನು ಬಿಗಿದ. ಹೊಳೆಯುವ ನೇರಳೆ ಸೈಕಲ್ಲಿಗೆ ಮುಂದೊಂದು ಸೋರಿದ ಹಸಿರು ಮಡ್‌ಗಾರ್ಡು. ಯಾವ ಸಂಗ್ರಹಕಾರ ನೋಡಿದರೂ ತಲೆ ಚಚ್ಚಿಕೊಳ್ಳಬೇಕು. ಇಮ್ಕೆಗೆ ತನ್ನ ಕೈಯಿಂದ ಇಷ್ಟು ಚೆಂದದ ಸೈಕಲ್ ಹೊರಬಂದಿಲ್ಲ ಅನ್ನಿಸಿತು.

ಹೆನ್ನಿಂಗ್ ಗೊಂಚಲಿನಿಂದ ಮಿಂಚುಳ್ಳಿಯನ್ನು ಬಿಡಿಸಿ ಅವಳ ಅಂಗೈಗಿಟ್ಟ.

"ಇದನ್ನ ನೀನೇ ಕೂರಿಸು. ನಂಗೆ ಬರಲ್ಲ."

*ನೀನು* ಎಂದಿದ್ದ. ಇಬ್ಬರಿಗೂ ಅದು ಕೇಳಿಸಿತು, ಇಬ್ಬರೂ ಕೇಳಿಸದವರಂತೆ ನಿಂತರು.

"ಅದಕ್ಕೆ ಅಂಗಡಿಗೆ ಬರ್ಬೇಕಾಗತ್ತೆ," ಎಂದಳು ಮೆಲ್ಲಗೆ.

"ಬರ್ತೀನಿ." ಕರ್ಚೀಫು ತೆಗೆದು ಅವಳ ಮೂಗಿನ ಮೇಲಿನ ಕೆಸರನ್ನು ಒರೆಸಿದ. "ಕಳ್ಳಿ ಸಿಕ್ಕಿದ್ಲಲ್ಲ, ಇನ್ನು ಏನ್ ಮಾಡ್ಲಿ ನಾನು?"

ಇಮ್ಕೆ ತನ್ನ ಕಾಲ ಕೆಳಗೆ ನೋಡಿಕೊಂಡಳು. ಬೀದಿ ಬದಿಯ ಕಲ್ಲಿನ ಮೇಲೆ ನಿಂತಿದ್ದಳು. ಕಣ್ಣೀರಿನಲ್ಲೇ ನಗು ಬಂತು.

"ಬೀದಿ ಬದೀಲಿ ನಿಂತಿದೀನಿ. ನಮ್ಮೂರ ರೂಢಿ ಗೊತ್ತಲ್ಲ... ಎತ್ತಿದವರ ಪಾಲು."

ಹೆನ್ನಿಂಗ್ ಕರ್ಚೀಫನ್ನು ಮಡಚಿ ಜೇಬಿಗಿಟ್ಟುಕೊಂಡು, ಎರಡೂ ಕೈಗಳಿಂದ ಅವಳ ಕೈ ಹಿಡಿದ.

"ಹಾಗಾದ್ರೆ ಈ ಸಲ," ಎಂದ, "ಪಂಪ್ ತರೋಕೆ ಅಂತ ನಾನು ಒಳಗೆ ಹೋಗಲ್ಲ."